ಕಂಟ್ರೋಲ್ ಇನ್ನೂ ಕರೆದಿಲ್ಲ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಬಕ್ಕೇಶಪ್ಪನ ಅಂಗಡಿ ಎಂದರೆ ಹನ್ನೆರಡು ಅಡಿ ಅಗಲದ ಒಂದು ಶೆಟರು, ಅದರ ಮೇಲೆ ಅವನ ಮನೆ, ಮನೆಯ ಮೇಲೆ ನಲವತ್ತು ಅಡಿಯ ಕಬ್ಬಿಣದ ಕಂಬ. ಕಂಬದ ತುದಿಯಲ್ಲಿ ಆಂಟೆನಾ. ಬಡಾವಣೆಗೆ ಹೊಸದಾಗಿ ಬಂದವರು ಅದನ್ನು ಮೊಬೈಲ್ ಟವರ್ ಎಂದು ತಿಳಿದು, ತಲೆನೋವು ಬರುತ್ತದೆ ಎಂದು ಜಗಳಕ್ಕೆ ಬಂದದ್ದೂ ಉಂಟು. ಬಕ್ಕೇಶಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: “ಇದು ಹ್ಯಾಮ್ ರೇಡಿಯೊ ರೀ. ಸರ್ಕಾರದ ಲೈಸೆನ್ಸ್ ಐತೆ. ಮಾತಾಡೋದು, ಕೇಳೋದು, ಅಷ್ಟೆ.” ಅಷ್ಟೆ ಎನ್ನುವಾಗ ಅವನ ಮುಖದಲ್ಲಿ ಅಷ್ಟೇ ಅಲ್ಲ ಎಂಬ ಗತ್ತು ಇರುತ್ತಿತ್ತು.

ಅವನಿಗೆ ಅರವತ್ತೊಂದು. ಕಾರುಗಳಿಗೆ ಸ್ಟೀರಿಯೊ, ಹಾರ್ನು, ಹಿಂದಿನ ಕ್ಯಾಮೆರಾ ಕೂರಿಸುವುದು ಹೊಟ್ಟೆಪಾಡಿನ ಕೆಲಸ. ಹೆಂಡತಿ ಅಕ್ಕನಾಗಮ್ಮ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುವ ಮನುಷ್ಯನಾದ್ದರಿಂದ ನೆಂಟರು ಹಬ್ಬಕ್ಕೊಂದು ಫೋನು ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಸಿಟ್ಟಿನವರ ಮನಸ್ಸು ಒಳ್ಳೆಯದು ಎಂದು ಜನ ಹೇಳುತ್ತಾರಲ್ಲ, ಅದು ಅವನ ವಿಷಯದಲ್ಲಿ ನಿಜವೇ ಇರಬಹುದು. ಆದರೆ ಆ ಮನಸ್ಸನ್ನು ಹೋಗಿ ನೋಡುವಷ್ಟು ಪುರುಸೊತ್ತು ಯಾರಿಗಿದೆ?

ಪುರುಸೊತ್ತು ಇದ್ದದ್ದು ಒಬ್ಬನಿಗೆ. ಹರಿಹರದ ಕೆಂಚವೀರಪ್ಪನಿಗೆ. ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ನಿವೃತ್ತನಾದ ಮೇಲೆ ಒಂದು ಪಿಕಪ್ ಗಾಡಿ ಇಟ್ಟುಕೊಂಡು ಮಂಡಕ್ಕಿ ಚೀಲ ಸಾಗಿಸುತ್ತಿದ್ದವನು. ಅವನಿಗೆ ರೇಡಿಯೊ ಹುಚ್ಚು ಹತ್ತಿಸಿದವನೂ, ಪರೀಕ್ಷೆಗೆ ಓದಿಸಿದವನೂ, ಸೆಟ್ಟು ಕೊಡಿಸಿದವನೂ ಬಕ್ಕೇಶಪ್ಪನೇ.

ದಿನವೂ ಬೆಳಗಿನ ಆರೂವರೆಗೆ ರೇಡಿಯೊದಲ್ಲೇ ಈ ಮಂದಿಯದೊಂದು ಸಭೆ ಸೇರುತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಬಕ್ಕೇಶಪ್ಪ ಶುರು ಮಾಡಿದ್ದು. ಒಂದು ಕಾಲಕ್ಕೆ ಒಂಬತ್ತು ಜನ ಇದ್ದರು. ರೇಡಿಯೊದಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಯಾರ ಮಾತೂ ಕೇಳುವುದಿಲ್ಲ, ಬರೀ ಕಿರಿಚಾಟ. ಅದಕ್ಕೇ ಒಬ್ಬನನ್ನು ‘ಕಂಟ್ರೋಲ್’ ಮಾಡಿಕೊಳ್ಳುತ್ತಾರೆ. ಅವನು ಮೊದಲು ಕರೆಯಬೇಕು, ಆಮೇಲೆ ಒಬ್ಬೊಬ್ಬರನ್ನೇ ಮಾತಿಗೆ ಬಿಡಬೇಕು. ಕಂಟ್ರೋಲ್ ಕರೆಯದೆ ಯಾರೂ ಬಾಯಿ ಬಿಡುವಂತಿಲ್ಲ. ಬಕ್ಕೇಶಪ್ಪ ಈ ನಿಯಮವನ್ನು ಮೇಷ್ಟ್ರಿಗಿಂತ ಕಟ್ಟುನಿಟ್ಟಾಗಿ ನಡೆಸಿದ. ಮೊಬೈಲು ಬಂತು, ಕೆಲವರು ಸೆಟ್ಟು ಮಾರಿದರು, ಕೆಲವರು ಸತ್ತರು, ಶಿವಮೊಗ್ಗದ ಇಬ್ಬರು ಯಾವಾಗಲಾದರೂ ಒಮ್ಮೆ ಇಣುಕಿ ಹೋಗುವವರಾದರು. ಕೊನೆಗೆ ದಿನವೂ ಉಳಿದದ್ದು ಇವನು ಮತ್ತು ಕೆಂಚವೀರಪ್ಪ. ಇಬ್ಬರೇ ಇರುವ ಸಭೆಗೂ ಬಕ್ಕೇಶಪ್ಪ ಅಧ್ಯಕ್ಷಗಿರಿ ಬಿಡಲಿಲ್ಲ. ಅವನು ಕರೆಯಬೇಕು, ಕೆಂಚವೀರಪ್ಪ ಓಗೊಡಬೇಕು. ಕೆಂಚವೀರಪ್ಪನಿಗೂ ಅದೇ ಸೊಗಸು. “ಕಂಟ್ರೋಲ್, ಕೇಳ್ತಾ ಇದೀನಿ” ಎಂದು ಶಾಲೆಯಲ್ಲಿ ಹಾಜರಿ ಹೇಳಿದಂತೆ ಹೇಳುತ್ತಿದ್ದ.

ಮಾತೇನೂ ದೊಡ್ಡದಲ್ಲ. ಹೊಳೆಯಲ್ಲಿ ನೀರು ಎಷ್ಟಿದೆ, ಬಿ.ಪಿ. ಮಾತ್ರೆ ನುಂಗಿದ್ದಾಯಿತೇ, ನಿನ್ನೆಯ ಬಿಸಿಲು ಹೇಗಿತ್ತು. ಅಕ್ಕನಾಗಮ್ಮ ಹೋದ ಮೇಲೆ ಕೆಂಚವೀರಪ್ಪ ಇನ್ನೊಂದು ಪ್ರಶ್ನೆ ಸೇರಿಸಿದ್ದ: “ತಿಂಡಿ ಏನ್ ಮಾಡ್ಕಂಡ್ರಿ ಕಂಟ್ರೋಲ್?” ಪ್ರಪಂಚದಲ್ಲಿ ಆ ಪ್ರಶ್ನೆಯನ್ನು ಬಕ್ಕೇಶಪ್ಪನಿಗೆ ಕೇಳುವ ಜೀವ ಅದೊಂದೇ. ಆ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ ಎಂದೇ ಅವನು ಎಷ್ಟೋ ದಿನ ಉಪ್ಪಿಟ್ಟು ಕೆದಕಿದ್ದಿದೆ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಎಲ್ಲ ಕೆಟ್ಟಿತು. ಕೆಂಚವೀರಪ್ಪ ಮಾತಿನ ನಡುವೆ, “ಕಂಟ್ರೋಲ್, ಒಂದು ಉಪಕಾರ ಆಗ್ಬೇಕು. ನಿಮ್ಮೂರ ಮಂಡಕ್ಕಿ ಭಟ್ಟಿಯೋರು ಫೋನ್ ಎತ್ತವಲ್ರು. ಇವತ್ತು ನಮ್ಮ ಗಾಡಿ ಎರಡು ತಾಸು ಲೇಟು ಅಂತ ಒಂದ್ಮಾತು ಹೇಳಿಬಿಡ್ರಿ” ಎಂದ. ಹ್ಯಾಮ್ ರೇಡಿಯೊದಲ್ಲಿ ವ್ಯಾಪಾರದ ಮಾತು ಆಡಬಾರದು ಎಂದು ಕಾನೂನಿದೆ. ಕಾನೂನು ಸರಿಯೇ. ಮೆತ್ತಗೆ ಹೇಳಬಹುದಿತ್ತು. ಆದರೆ ಅವತ್ತು ಶಿವಮೊಗ್ಗದ ಇಬ್ಬರೂ ಕೇಳುತ್ತಿದ್ದರು. ಅಧ್ಯಕ್ಷರಿಗೆ ಮರ್ಯಾದೆಯ ಪ್ರಶ್ನೆ ಬಂತು.

“ಇದು ಲಾರಿ ಆಫೀಸಲ್ಲ ಕೆಂಚವೀರಪ್ಪ. ನಿಯಮ ಗೊತ್ತಿಲ್ಲದೋರು ಮೈಕ್ ಹಿಡೀಬಾರ್ದು. ನಿಮ್ಮಂಥೋರಿಂದ್ಲೇ ಇದರ ಮಾನ ಹೋಗೋದು!”

ಆ ಕಡೆಯಿಂದ, “ತಪ್ಪಾತು ಕಂಟ್ರೋಲ್” ಎಂದು ಸಣ್ಣ ದನಿ ಬಂತು.

ಅಲ್ಲಿಗಾದರೂ ನಿಲ್ಲಿಸಬಾರದೇ? ಜಿಲ್ಲೆಯ ಹ್ಯಾಮ್‌ಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ “ಅಷ್ಟು ಜೋರು ಮಾಡಬಾರದಿತ್ತು” ಎಂದು ಹಾಕಿದರು. ಬಕ್ಕೇಶಪ್ಪ ಗುಂಪನ್ನೇ ಬಿಟ್ಟ. ಮರುದಿನ ಬೆಳಿಗ್ಗೆ ಸೆಟ್ಟು ಹಚ್ಚಿ ಕೂತ, ಕರೆಯಲಿಲ್ಲ. ತಪ್ಪು ಮಾಡಿದವನು ಅವನು, ಅವನೇ ಮೊದಲು ಕರೆಯಲಿ ಎಂಬ ಹಟ. ಆರೂವರೆಯಿಂದ ಏಳರ ತನಕ ಸೆಟ್ಟು ಬುಸುಗುಟ್ಟಿತು. ಯಾರೂ ಕರೆಯಲಿಲ್ಲ. ಎರಡನೆಯ ದಿನವೂ ಇಲ್ಲ, ಹತ್ತನೆಯ ದಿನವೂ ಇಲ್ಲ. ಓಹೋ, ಅಷ್ಟು ಸೊಕ್ಕೇ ಎಂದುಕೊಂಡ. ಗಣಪತಿ ಹಬ್ಬ ಹೋಯಿತು, ದಸರಾ ಹೋಯಿತು, ಸಿಟ್ಟು ಇಳಿದು ಸಂಕಟ ಶುರುವಾಯಿತು. ಆದರೂ ದಿನವೂ ತಪ್ಪದೆ ಕೂತ. ಫೋನು ಮಾಡಲಿಲ್ಲ, ಹರಿಹರಕ್ಕೆ ಹೋಗಲಿಲ್ಲ. ಹದಿನಾಲ್ಕು ಕಿಲೋಮೀಟರು, ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಹೀಗೆ ಎಂಟು ತಿಂಗಳು ಅವನ ಬೆಳಗಿನ ಮಾತು ನಿಂತೇ ಹೋಯಿತು. ಎಷ್ಟೋ ದಿನ ಮೊದಲ ಗಿರಾಕಿ ಬಂದಾಗ ಗಂಟಲು ಕೆಮ್ಮಿ ಸರಿಮಾಡಿಕೊಂಡೇ ಮಾತಾಡಬೇಕಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಅಂಗಡಿ ಮುಂದೆ ಬಿಳಿ ಪಿಕಪ್ ಬಂದು ನಿಂತಿತು. ಇಳಿದವಳು ಮೂವತ್ತರ ಆಸುಪಾಸಿನ ಹೆಂಗಸು, ಚೂಡಿದಾರದ ಮೇಲೆ ಗಂಡಸರ ಅಂಗಿ ಹಾಕಿದ್ದಳು. ಸೀಟಿನಿಂದ ಟವೆಲ್ಲು ಸುತ್ತಿದ ಗಂಟೊಂದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿ ತಂದು ಮೇಜಿನ ಮೇಲಿಟ್ಟಳು.

“ಸರ್, ಈ ಸೆಟ್ಟು ಗಾಡಿಗೆ ಕೂರಿಸಿಕೊಡ್ಬೇಕು.”

ಟವೆಲ್ಲು ಬಿಚ್ಚಿದ ಕೂಡಲೇ ಅವನಿಗೆ ಗುರುತು ಹತ್ತಿತು. ದನಿ ಏರಿಸುವ ತಿರುಗುಣಿ ಮುರಿದಾಗ ಹಳೆಯ ಟೇಪ್‌ರೆಕಾರ್ಡರಿನ ಬಿಳಿ ತಿರುಗುಣಿ ಹಾಕಿಕೊಟ್ಟವನು ಅವನೇ. ಕೆಂಚವೀರಪ್ಪನ ಸೆಟ್ಟು! ಇವಳು ಅವನ ಮಗಳು ಚೌಡೇಶ್ವರಿ ಇರಬೇಕು. ಎರಡು ಜಡೆಯ ಹುಡುಗಿಯಾಗಿದ್ದಾಗ ಒಮ್ಮೆ ನೋಡಿದ್ದ. ಬಕ್ಕೇಶಪ್ಪನ ಎದೆಯಲ್ಲಿ ಪಟಾಕಿ ಹೊಡೆದಂತಾಯಿತು. ಬಗ್ಗಿದ! ಕೊನೆಗೂ ಅವನೇ ಬಗ್ಗಿದ! ಖುಷಿ ಮುಖದ ಮೇಲೆ ಕಾಣದಿರಲೆಂದು ಹುಬ್ಬು ಗಂಟಿಕ್ಕಿದ.

“ಯಾಕ, ನಿಮ್ಮಪ್ಪಗೆ ತಾನೇ ಬರಾಕೆ ನಾಚಿಕೆ ಆತೇನು?”

ಅವಳು ಅವನನ್ನೇ ನೋಡಿದಳು.

“ಅಪ್ಪ ಇಲ್ಲ ಸರ್. ತೀರ್ಕಂಡು ಐವತ್ತು ದಿನ ಆತು. ನಿಮಗೆ ಗೊತ್ತಿರ್ಲಿಲ್ವಾ? ಗ್ರೂಪಿಗೆ ಹಾಕಿದ್ವಿ.”

ಬಕ್ಕೇಶಪ್ಪ ಸ್ಟೂಲು ಎಳೆದುಕೊಂಡು ಕೂತ. ಅವಳೇ ಬಾಟಲಿಯಿಂದ ನೀರು ಕೊಟ್ಟಳು. ಏನಾಗಿತ್ತು ಎಂದು ಕೇಳಿದ. ಹೃದಯದ ತೊಂದರೆ ಎಂದಳು. ಯಾವಾಗ ಎಂದು ಕೇಳಿದ. ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಎಂದಳು. ಮುಂದೆ ಏನು ಕೇಳಬೇಕೋ ತಿಳಿಯಲಿಲ್ಲ. ತಿಳಿಯದಾಗ ಕೈಗೆ ಕೆಲಸ ಕೊಡುವುದು ಅವನ ರೂಢಿ. ಎದ್ದು ಪಿಕಪ್ಪಿನ ಬಾನೆಟ್ ಎತ್ತಿದ.

“ಗಾಡಿಗ್ಯಾಕವ್ವ? ಮನೀಲಿ ಇರ್ತಿತ್ತಲ್ಲ” ಎಂದ ಬ್ಯಾಟರಿಯ ಕಡೆ ನೋಡುತ್ತ.

“ಮನೀಲಿ ಇಟ್ರೆ ನಮ್ಮವ್ವ ಅದರ ಮುಂದಿನ ಕುರ್ಚಿ ನೋಡಿ ಅಳ್ತಾಳೆ. ಈಗ ಗಾಡಿ ನಾನೇ ಹೊಡೀತೀನಿ. ದಿನದಾಗೆ ಹತ್ತು ತಾಸು ಇದರಾಗೇ ಒಬ್ಬಳೇ ಇರ್ತೀನಿ. ನಂದೂ ಪರೀಕ್ಷೆ ಆಗೈತೆ ಸರ್, ಅಪ್ಪನೇ ಓದ್ಸಿದ್ರು. ಲೈಸೆನ್ಸ್ ಹೋದ ವಾರ ಬಂತು. ನೋಡಾಕೆ ಅವರಿಲ್ಲ.” ಆಮೇಲೆ ಸೇರಿಸಿದಳು: “ವ್ಯಾಪಾರದ ಮಾತು ಒಂದೂ ಆಡಲ್ಲ ಸರ್. ಅಪ್ಪ ನೂರು ಸಲ ಹೇಳಿದಾರೆ.”

ಅವಳು ಚುಚ್ಚಲು ಹೇಳಿದ್ದಲ್ಲ. ಆದರೂ ಬಕ್ಕೇಶಪ್ಪನ ಕೈಯಿಂದ ಸ್ಪ್ಯಾನರು ಜಾರಿ ಎಂಜಿನ್ನಿನ ಸಂದಿಗೆ ಬಿತ್ತು.

ಕೆಲಸ ಅವನಿಗೆ ಬಾಯಿಪಾಠ. ಸೆಟ್ಟಿಗೆ ಕರೆಂಟನ್ನು ಡ್ಯಾಶ್‌ಬೋರ್ಡಿನ ಪಾಯಿಂಟಿನಿಂದ ಕದಿಯಬಾರದು, ನೇರವಾಗಿ ಬ್ಯಾಟರಿಯಿಂದಲೇ ತರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಜು ಇರಬೇಕು. ದಪ್ಪ ವೈರನ್ನು ಎಂಜಿನ್ನಿನ ಗೋಡೆಯ ತೂತಿನಲ್ಲಿ ಒಳಕ್ಕೆ ತೂರಿಸಿದ, ತಗಡಿನ ಅಂಚು ಕೊಯ್ಯದಂತೆ ತೂತಿಗೆ ರಬ್ಬರು ಕೂರಿಸಿದ. ಆಮೇಲೆ ಗಾಡಿಯ ತಲೆಯ ಮೇಲೆ ಹತ್ತಿ, ಆಂಟೆನಾ ಕೂರುವ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿದ. ಬರಿಯ ಲೋಹ ಕಾಣುವ ತನಕ ಉಜ್ಜಬೇಕು. ಬಣ್ಣದ ಮೇಲೆ ಕೂರಿಸಿದರೆ ಮಾತು ದೂರ ಹೋಗುವುದಿಲ್ಲ. ತಗಡು ಬಿಸಿಲಿಗೆ ಕಾದು ಮೊಣಕಾಲು ಸುಡುತ್ತಿತ್ತು. ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದ.

ಕೊನೆಗೆ ಒಳಗೆ ಸೆಟ್ಟು ಬಿಗಿಯಲು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ತಲೆ ತೂರಿಸಿದ. ಅಲ್ಲಿ ಅವನ ಮುಖ ಯಾರಿಗೂ ಕಾಣುವಂತಿರಲಿಲ್ಲ. ಕೇಳಬೇಕಾದ್ದನ್ನು ಅಲ್ಲಿಂದ ಕೇಳಿದ.

“ನಿಮ್ಮಪ್ಪಗೆ ನನ್ನ ಮ್ಯಾಲೆ ಭಾಳ ಸಿಟ್ಟಿತ್ತಾ?”

“ಸಿಟ್ಟಾ?” ಬಾಗಿಲ ಬಳಿ ನಿಂತಿದ್ದ ಚೌಡೇಶ್ವರಿಯ ದನಿಯಲ್ಲಿ ನಿಜವಾದ ಆಶ್ಚರ್ಯ ಇತ್ತು. “ಸಿಟ್ಟಾಗಿದ್ದೋರು ನೀವಲ್ವಾ ಸರ್? ಅಪ್ಪ ದಿನಾ ಆರೂವರೆಗೆ ಚಾ ಹಿಡ್ಕಂಡು ಸೆಟ್ಟಿನ ಮುಂದೆ ಕೂಡ್ತಿದ್ರು. ಏಳರ ತನಕ. ‘ಮಾತಾಡ್ರಿ ಮತ್ತೆ’ ಅಂತ ಅವ್ವ ಅಂದ್ರೆ, ‘ಕಂಟ್ರೋಲ್ ಇನ್ನೂ ಕರೆದಿಲ್ಲ’ ಅಂತಿದ್ರು. ಕಂಟ್ರೋಲ್ ಕರೆಯದೆ ಬಾಯಿ ಬಿಡಬಾರ್ದು ಅಂತ ನೀವೇ ಕಲ್ಸಿದ್ದಂತೆ. ಒಂದ್ಸಲ ನಿಯಮ ಮುರಿದು ಅವರ ಮನಸ್ಸು ನೋಯಿಸೀನಿ, ಮತ್ತೊಂದ್ಸಲ ಮುರಿಯಲ್ಲ ಅಂತಿದ್ರು.”

ಬಕ್ಕೇಶಪ್ಪ ಸ್ಕ್ರೂ ಡ್ರೈವರನ್ನು ಎದೆಯ ಮೇಲಿಟ್ಟುಕೊಂಡ.

“ದೀಪಾವಳಿ ದಿನ ಒಂದ್ಸಲ ಸೆಟ್ಟಿನ ಮೀಟರ್ ಮುಳ್ಳು ಆಡ್ತಂತೆ ಸರ್. ಯಾರೋ ಗುಂಡಿ ಒತ್ತಿ ಬಿಟ್ಟಂಗೆ. ಅಪ್ಪ ಚಾ ಕೆಳಗಿಟ್ಟು ನೆಟ್ಟಗೆ ಕೂತ್ರು. ಎಂಟು ಗಂಟಿ ತನಕ ಏಳ್ಲಿಲ್ಲ. ಅವತ್ತು ನಮ್ಮನೇಲಿ ಹಬ್ಬದ ತಿಂಡಿ ತಡ ಆತು.”

ಅದು ಅವನೇ. ದೀಪಾವಳಿಯ ಬೆಳಿಗ್ಗೆ ತಡೆಯಲಾರದೆ ಗುಂಡಿ ಒತ್ತಿದ್ದ, ಬಾಯಿ ತೆರೆದಿದ್ದ, ಮತ್ತೆ ಹಟ ಅಡ್ಡ ಬಂದು ಬಿಟ್ಟುಬಿಟ್ಟಿದ್ದ. ಎರಡು ಕ್ಷಣ. ಯಾರಿಗೆ ಕೇಳಿಸುತ್ತದೆ ಅದು ಎಂದುಕೊಂಡಿದ್ದ.

“ಕೊನೀಗೆ ಆಸ್ಪತ್ರೆಗೆ ಹಾಕಿದ್ದು ಇಲ್ಲೇ ದಾವಣಗೆರೇಲಿ. ನಿಮ್ಮ ಅಂಗಡಿಯಿಂದ ನಡ್ಕಂಡು ಹೋಗೋ ದಾರಿ. ಒಂಬತ್ತು ದಿನ ಇದ್ರು. ಕೈಯಾಗೆ ಹಿಡಿಯೋ ಸಣ್ಣ ಸೆಟ್ಟು ತರಿಸ್ಕಂಡು ದಿಂಬಿನ ಹತ್ರ ಇಟ್ಕಂಡಿದ್ರು. ‘ಇಷ್ಟು ಹತ್ರ ಬಂದೀನಿ, ಈಗ ಕರೆದ್ರೆ ಚಂದ ಕೇಳ್ತೈತೆ’ ಅಂತಿದ್ರು. ನಾನು ಹೋಗಿ ಹೇಳಿ ಬರ್ತೀನಿ ಅಂದ್ರೆ ಬ್ಯಾಡ ಅಂದ್ರು. ಕಾಯಿಲೆ ನೆಪ ಹೇಳಿ ಮಾತಾಡ್ಸಿಕೊಳ್ಳೋದು ಬ್ಯಾಡ, ಅವರಿಗೇ ಅನ್ನಿಸ್ಲಿ ಅಂತ. ಕೊನೇ ಎರಡು ದಿನ ಮಾತ್ರ, ‘ಪಾಪ, ಅವರ ಸೆಟ್ಟೇ ಕೆಟ್ಟಿರ್ಬೇಕು. ಇಲ್ದಿದ್ರೆ ಇಷ್ಟು ದಿನ ಕರೀದೆ ಇರೋ ಮನುಷ್ಯ ಅಲ್ಲ’ ಅಂದ್ರು. ಹಂಗಂದ್ಮ್ಯಾಲೆ ಅವರಿಗೆ ಸಮಾಧಾನ ಆತು.”

ಡ್ಯಾಶ್‌ಬೋರ್ಡಿನ ಕೆಳಗೆ ಬಕ್ಕೇಶಪ್ಪ ಅತ್ತ. ಕಣ್ಣೀರು ಕಿವಿಯೊಳಕ್ಕೆ ಇಳಿಯಿತು. ಅಕ್ಕನಾಗಮ್ಮ ಹೋದಾಗಲೂ ಅವನು ಹೀಗೆ ಅತ್ತಿರಲಿಲ್ಲ. ಆಗ ತಪ್ಪು ಅವನದಾಗಿರಲಿಲ್ಲ. ಇನ್ನೂ ಎರಡು ಸ್ಕ್ರೂ ಉಳಿದಿದ್ದವು. ಅವನ್ನು ಬಿಗಿದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಬೆವರು ಎಂಬಂತೆ ಉಸ್ ಎನ್ನುತ್ತ ಹೊರಗೆ ಬಂದ.

ಚೌಡೇಶ್ವರಿ ಸೀಟಿಗೆ ಹತ್ತಿ ಸೆಟ್ಟು ಹಚ್ಚಿದಳು. ದೀಪ ಹೊತ್ತಿತು. ಮೈಕನ್ನು ಕೈಗೆ ತೆಗೆದುಕೊಂಡು ಹಿಡಿದು ನೋಡಿದಳು. ಅಳುವೂ ನಗುವೂ ಸೇರಿದ ಮುಖ.

“ಟೆಸ್ಟ್ ಮಾಡ್ಬೇಕಲ್ಲ ಸರ್. ನೀವು ಮ್ಯಾಲೆ ಹೋಗಿ ನಿಮ್ಮ ಸೆಟ್ಟಿನಿಂದ ಒಂದ್ಸಲ ಕರೀರಿ.” ಆಮೇಲೆ ನೆನಪಾಗಿ ಕೇಳಿದಳು: “ನಿಮ್ಮ ಸೆಟ್ಟು ರಿಪೇರಿ ಆತಾ?”

ಹೌದವ್ವ, ಆತು ಎಂದಿದ್ದರೆ ಮುಗಿಯುತ್ತಿತ್ತು. ಸತ್ತವನೇ ಕರುಣೆಯಿಂದ ಹೊಲಿದುಕೊಟ್ಟ ಸುಳ್ಳು, ಮೈಗೆ ಸರಿಯಾಗಿ ಕೂರುವಂಥದು. ಬಕ್ಕೇಶಪ್ಪ ಅದನ್ನು ತೊಟ್ಟುಕೊಳ್ಳಲು ಬಾಯಿ ತೆರೆದ. ಬರಲಿಲ್ಲ.

“ಕೆಟ್ಟಿರ್ಲಿಲ್ಲವ್ವ.”

“ಆಂ?”

“ನನ್ನ ಸೆಟ್ಟು ಕೆಟ್ಟಿರ್ಲಿಲ್ಲ. ನಾನೂ ದಿನಾ ಆರೂವರೆಗೆ ಹಚ್ಕಂಡು ಕೂತಿದ್ದೆ. ಅವರೇ ಮೊದ್ಲು ಕರೀಲಿ ಅಂತ. ಆ ದೀಪಾವಳಿ ದಿನ ಗುಂಡಿ ಒತ್ತಿದ್ದೂ ನಾನೇ.”

ರಸ್ತೆಯಲ್ಲಿ ಒಂದು ಆಟೋ ಹೋಯಿತು, ಅದರ ಹಿಂದೆ ಹಣ್ಣಿನ ಗಾಡಿಯವನು.

“ಆರು ತಿಂಗಳು?” ಎಂದಳು ಕೊನೆಗೆ.

“ಎಂಟು. ಅವರು ಹೋದ ಮ್ಯಾಲೂ ಕೂತೆ. ನನಗೆ ಗೊತ್ತಿರ್ಲಿಲ್ಲ.”

“ಒಂದು ಗುಂಡಿ ಒತ್ತಿ ಮಾತಾಡಾಕೆ ಏನಾಗಿತ್ತು ಸರ್ ನಿಮಗೆ?”

ದನಿ ಏರಿಸದೆ ಕೇಳಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಮೈಕನ್ನು ಕೊಕ್ಕೆಗೆ ಸಿಕ್ಕಿಸಿ ಗಾಡಿ ಚಾಲೂ ಮಾಡಿದಳು. ತಿರುಗಿಸಿಕೊಂಡ ಮೇಲೆ ಕಿಟಕಿಯಿಂದ ಹೇಳಿದಳು.

“ನಾಳೆ ಬೆಳಿಗ್ಗೆ ರಾಣೆಬೆನ್ನೂರಿಗೆ ಲೋಡ್ ಐತೆ. ಆರೂವರೆಗೆ ಹೊಳೆ ಸೇತುವೆ ಹತ್ರ ಇರ್ತೀನಿ. ಟೆಸ್ಟು ಆಗ ಆಗ್ಲಿ. ನಾನಂತೂ ಕರೆಯಲ್ಲ ಸರ್. ಅಪ್ಪ ಕಲ್ಸಿದ್ದು ಹಂಗೆ.”

ಮರುದಿನ ಬೆಳಿಗ್ಗೆ ಐದಕ್ಕೇ ಎದ್ದ ಬಕ್ಕೇಶಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಸೆಟ್ಟಿನ ಮುಂದೆ ಕೂತ. ಆರೂವರೆ ಆಯಿತು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸಕ್ಕೆ ಈಗ ಹೊಸಬನಂತೆ ಹೆದರಿಕೆ. ಗುಂಡಿ ಒತ್ತಿದ. ಹೆಸರು, ಊರು, ತಾನೇ ಕಂಟ್ರೋಲ್, ಯಾರಾದರೂ ಕೇಳುತ್ತಿದ್ದರೆ ಉತ್ತರಿಸಬೇಕು ಎಂದು ಪದ್ಧತಿಯಂತೆ ಕರೆದು ಗುಂಡಿ ಬಿಟ್ಟ.

ಬುಸ್ ಎಂಬ ಸದ್ದು. ಅಷ್ಟೆ.

ಎರಡನೆಯ ಸಲ ಕರೆದ. ಉತ್ತರವಿಲ್ಲ. ಆಂಟೆನಾದ ಕೆಳಗೆ ಬಣ್ಣ ಸರಿಯಾಗಿ ಹೋಗಿರಲಿಲ್ಲವೇ, ಕೇಬಲ್ಲು ಸಡಿಲವಾಯಿತೇ ಎಂದು ಕೆಲಸಗಾರನ ಮನಸ್ಸು ಕಾರಣ ಹುಡುಕಿತು. ಕೆಲಸದಲ್ಲಿ ತಪ್ಪಿರಲಿಲ್ಲ, ಅದು ಅವನಿಗೇ ಗೊತ್ತಿತ್ತು. ಅವಳಿಗೆ ತನ್ನ ದನಿ ಬೇಡವಾಗಿದೆ. ಬೇಡವಾದರೆ ಅದೂ ನ್ಯಾಯವೇ. ಆದರೆ ಈ ಸಲ ಅವನು ಕೈ ಹಿಂದೆಗೆಯಲಿಲ್ಲ. ಮೂರನೆಯ ಸಲ ಪದ್ಧತಿ ಬಿಟ್ಟ, ಅಧ್ಯಕ್ಷಗಿರಿಯನ್ನೂ ಬಿಟ್ಟ.

“ಚೌಡೇಶ್ವರಿ, ನಾನವ್ವ, ಬಕ್ಕೇಶಪ್ಪ. ಕೇಳಿಸ್ತೈತೇನು?”

ಸೆಟ್ಟಿನ ಮುಳ್ಳು ಮೇಲೆದ್ದಿತು. ಮೊದಲು ನಿಂತ ಗಾಡಿಯ ಎಂಜಿನ್ನಿನ ಸದ್ದು ಬಂತು, ಆಮೇಲೆ ಅತ್ತು ಒಡೆದ ದನಿ.

“ಕೇಳಿಸ್ತು ಸರ್. ಮೊದಲ್ನೇ ಸಲಾನೇ ಕೇಳಿಸ್ತು, ಪಕ್ಕದಾಗೆ ಕೂತು ಮಾತಾಡ್ದಂಗೆ. ಗಾಡಿ ಪಕ್ಕಕ್ಕೆ ಹಾಕೀನಿ.” ಗುಂಡಿ ಬಿಡದೆಯೇ ಸೇರಿಸಿದಳು: “ಎಷ್ಟು ಸಲೀಸು ಐತಲ್ಲ ಸರ್ ಇದು.”

ದನಿ ನಿಂತಿತು. ಉತ್ತರ ಹೇಳುವ ಸರದಿ ಅವನದು.

“ಹೌದವ್ವ,” ಎಂದ ಬಕ್ಕೇಶಪ್ಪ. “ಇಷ್ಟೇ ಇತ್ತು.”

ಗುಂಡಿ ಬಿಟ್ಟು, ಅವಳು ಮತ್ತೆ ಮಾತಾಡುತ್ತಾಳೋ ಇಲ್ಲವೋ ಎಂದು ಕಾಯುತ್ತ ಕೂತ.